ಒಂದು ಸೆಕೆಂಡು ಕಾಯಿರಿ

ಬೈತಖೋಲದ ಶಾಲೆಗೆ ಬಂದದ್ದು ಆರು ಲ್ಯಾಪ್‌ಟಾಪು,
ಯಾವುದೋ ಬ್ಯಾಂಕಿನವರು ಬಳಸಿ ಬಿಟ್ಟವು.
ಒಂದರ ಕೀಲಿಗಳಿಗೆ ಉಪ್ಪುಗಾಳಿ ಹಿಡಿದು
ಒತ್ತಿದರೆ ಮೇಲೇಳುವುದಿಲ್ಲ.

ಮೊದಲ ದಿನ ತೆರೆಯಲೇ ಇಲ್ಲ.
ಹೊಯಿಗೆಯ ಮೇಲೆ ನಿಂತು ಹೇಳಿದೆ: ನಾನೇ ಯಂತ್ರ,
ಹೇಳಿದಷ್ಟು ಮಾಡುವೆ, ಹೇಳದ್ದು ತಿಳಿಯದು.
'ಮುಂದೆ ನಡಿ' ಅಂದಳು ರುತುಜಾ.
ನಡೆದೆ. ನಿಲ್ಲು ಅನ್ನಲು ಯಾರಿಗೂ ಹೊಳೆಯಲಿಲ್ಲ.
ಸೀರೆ ಮೊಣಕಾಲತನಕ ನೆನೆದ ಮೇಲೆ
ಹಿಂದಿನಿಂದ ಕೂಗು: 'ಎಷ್ಟು ಹೆಜ್ಜೆ ಅಂತ ಹೇಳ್ರೋ!'
ಪಾಠ ಅಷ್ಟೇ. ಉಳಿದದ್ದು ಬಣ್ಣ.

ಹಳದಿ ತುಂಡು ಎಬ್ಬಿಸುತ್ತದೆ, ನೀಲಿ ಸರಿಸುತ್ತದೆ,
ಕಿತ್ತಳೆಯದು ಮತ್ತೆ ಮತ್ತೆ ಅನ್ನುತ್ತದೆ.
ಜೋಯಲ್‌ನ ಏಡಿ ನೇರ ನಡೆದು ತರಗತಿಯೆಲ್ಲ ನಕ್ಕಿತು;
ತೊಂಬತ್ತು ಡಿಗ್ರಿ ತಿರುಗಿದ ಮೇಲೆ ಏಡಿಯಾಯಿತು.
ರುತುಜಾ ಹತ್ತು ಸಲದೊಳಗೆ ಹತ್ತು ಸಲ ಇಟ್ಟು
ಬಲೆ ಹೆಣೆದಳು, ಒಂದು ಕಣ್ಣು ತಪ್ಪಿತ್ತು.
'ಇರಲಿ ಬಿಡಿ ಅಕ್ಕೋರೆ, ಮನೇದೂ ಹಂಗೇ ಉಂಟು.'

ಪ್ರಥಮೇಶ ಹರಿಕಂತ್ರನದು ಬೋಟು.
ಅಂಚು ತಾಗಿದರೆ ತಿರುಗು,
ನಾನು ಕಲಿಸಿದ ಆ ತುಂಡನ್ನು ಕಿತ್ತು ಬದಿಗಿಟ್ಟಿದ್ದ.
ಬೋಟು ಅಲೆತಡೆ ದಾಟಿತು, ದೇವಗಡದ ದೀಪ ದಾಟಿತು,
ಪರದೆ ದಾಟಿತು. ಬರೀ ನೀಲಿ.
'ವಾಪಸ್ಸು?'
'ಬರ್ತದೆ.'
ಒಂದು ಸೆಕೆಂಡು ಕಾಯಿರಿ ಎಂಬಲ್ಲಿ
ಒಂದನ್ನು ಅಳಿಸಿ ಬರೆದಿದ್ದ:
ಎಂಟು ಲಕ್ಷದ ಅರವತ್ತನಾಲ್ಕು ಸಾವಿರ.

ಬೋರ್ಡಿನ ಮೇಲೆ ಭಾಗಿಸಿದೆ.
ಅರವತ್ತು, ಮತ್ತೆ ಅರವತ್ತು, ಇಪ್ಪತ್ನಾಲ್ಕು.
ಹತ್ತು ದಿನ.
ಆ ಬೆಳಿಗ್ಗೆಯಷ್ಟೇ ಅವನ ಅಪ್ಪನ ಬೋಟು
ಐಸು ತುಂಬಿಸಿಕೊಂಡು ಹೊರಟಿತ್ತು.

'ದಿನಕ್ಕೊಂದು ಸೆಕೆಂಡು ಇಡೋ,
ನಕಾಶೆಯಲ್ಲೂ ಹಂಗೇ ಅಲ್ವ, ಊರಿಗೊಂದು ಚುಕ್ಕಿ?'
'ನಕಾಶೆಯಲ್ಲಿ ಯಾರೂ ಕಾಯೂದಿಲ್ಲ ಅಕ್ಕೋರೆ.'

ನಾಲ್ಕೂವರೆಯ ಗಂಟೆ. ಐದನ್ನು ಮುಚ್ಚಿದೆ, ಒಂದನ್ನು ಬಿಟ್ಟೆ.
ಸ್ವಿಚ್ಚು ಮುಟ್ಟಬೇಡ ಎಂದು
ವಾಚ್‌ಮನ್ ತುಳಸು ಗುನಗಾಗೆ ಎರಡು ಸಲ ಹೇಳಿದೆ.
ಮುಟ್ಟಲಿಲ್ಲ, ಪಾಪ.
ರಾತ್ರಿ ಎರಡಕ್ಕೆ ಕರೆಂಟೇ ಹೋಯಿತು;
ಬ್ಯಾಟರಿ ಹಳೆಯದು, ಹತ್ತು ನಿಮಿಷದ್ದು.

ಏನು ಹೇಳಲಿ ಎಂದುಕೊಳ್ಳುತ್ತಲೇ
ಮರುದಿನ ಅದೇ ಪೀರಿಯಡ್ಡಿಗೆ ಹೋದೆ.
ಕಪ್ಪು ಪರದೆ ನೋಡಿದ, ಗುಂಡಿ ಒತ್ತಿದ.
ಹಸಿರು ಬಾವುಟಕ್ಕೆ ಬೆರಳು ತಾಗಿಸುವ ಮುನ್ನ
ಅಂಕಿ ತಿದ್ದಿದ, ನನ್ನ ಕೇಳದೆ:
ಏಳು ಲಕ್ಷದ ಎಪ್ಪತ್ತೇಳು ಸಾವಿರದ ಆರುನೂರು.