ಒಂದರಿಂದ ಐದು

ಆರಕ್ಕೇ ಹೋದೆ. ಮಂಡಕ್ಕಿ ಭಟ್ಟಿಯ ಸಾಲು
ಅಷ್ಟರಲ್ಲಾಗಲೇ ನಾಲ್ಕು ಚೀಲ ಹುರಿದು ಬೆವೆತಿತ್ತು.
ಕೈಯಲ್ಲಿ ಹದಿನೇಳು ಪ್ರಶ್ನೆಯ ಹಾಳೆ,
ಕೊರಳಲ್ಲಿ ಫೋಟೋ ಇರುವ ಚೀಟಿ.
ಮೊದಲ ಪ್ರಶ್ನೆಗೇ ಕಣ್ಣಲ್ಲಿ ನೀರು,
ನನಗೆ.

'ಉಸಿರಾಟದ ತೊಂದರೆ' ಪುಟ ನೋಡಿದ್ದೀರಾ?
ನೋಡೀನಿ, ಎಂದಳು ಖುತೇಜಾಬಿ
ಮರಳ ಬಾಣಲೆಯಿಂದ ಕಣ್ಣೆತ್ತದೆ.
ಮಗಳು ಓದ್ತಾಳೆ, ನಾನು ಕೇಳ್ತೀನಿ.
ಪ್ಯಾಕು ಮುಗಿದ ವಾರ ಇಬ್ರೂ ಸುಮ್ಕಿರ್ತೀವಿ.

ಭಾಷೆ ಸರಳವಾಗಿದೆಯೇ? ಒಂದರಿಂದ ಐದು.
'ದೀರ್ಘಕಾಲಿಕ ಶ್ವಾಸಕೋಶ ಪ್ರತಿರೋಧಕ ವ್ಯಾಧಿ.'
ಅಷ್ಟು ಓದಿ ಮುಗ್ಸೋದ್ರಾಗೆ ಮಗಳಿಗೇ ದಮ್ಮು ಬಂತು!
ಪಕ್ಕದ ಭಟ್ಟಿಯ ಕೆಂಚವ್ವ ನಕ್ಕಳು.
ನಗು ಕೆಮ್ಮಾಯಿತು, ಕೆಮ್ಮು ಅವಳನ್ನು
ಗೋಡೆಗೊರಗಿಸಿ ಕೂರಿಸಿತು.
ಎಲ್ಲರೂ ಕಾದೆವು.
ಎರಡು, ಎಂದು ಬರೆದೆ.

ಸಲಹೆ ಪಾಲಿಸಿದಿರಾ?
'ಹೊಗೆಯಿಂದ ದೂರವಿರಿ' ಅಂತೈತೆ.
ಎಷ್ಟು ದೂರ ಅಂತ ಇಲ್ಲ.
ಬಾಷಾನಗರದ ಮನಿ ತನಕ ಹೋದೆ, ಅದೂ ಬಂತು.
'ನೀರು ಹೆಚ್ಚು ಕುಡಿಯಿರಿ.' ಕುಡಿದು
ಹೋಗಾಕೆ ಜಾಗ ಎಲ್ಲೈತೆ ಇಲ್ಲಿ?
ನೀವೂ ಹೆಣ್ಮಗಳು, ಬಾಯಿಬಿಟ್ಟು ಹೇಳ್ಬೇಕಾ?
ಆ ಮಾತಿಗೆ ಹಾಳೆಯಲ್ಲಿ ಖಾನೆ ಇರಲಿಲ್ಲ.

ಹಾಗಾದರೆ ಉಪಯೋಗವಿಲ್ಲ ಅಂತ ಬರೆಯಲಾ?
ಅಯ್ಯ, ಹಂಗ್ ಬರೀಬ್ಯಾಡ್ರಿ. ಒಂದೈತೆ.
ಜರಡಿ ಕೆಳಗಿಟ್ಟಳು.
ಮೂಗಿನಿಂದ ಮೆಲ್ಲಗೆ ಎಳೆದು, ತುಟಿ ಚೂಪಾಗಿಸಿ
ಎದುರಿಗಿಲ್ಲದ ದೀಪವೊಂದಕ್ಕೆ ಊದಿದಳು.
'ಕುಡಿ ಬಾಗಬೇಕು, ಆರಬಾರದು.'
ಹಂಗಂತ ಬರೆದೋರಿಗೂ ದಮ್ಮಿರಬೇಕು, ಪಾಪ.
ರಾತ್ರಿ ಎರಡಕ್ಕೆ ಎದೆ ಹಿಡಿದ್ರೆ
ಎದ್ದು ಕೂತು ದೀಪ ಬಾಗಿಸ್ತೀನಿ.
ಕೆಂಚವ್ವಗೂ ಕಲ್ಸೀನಿ. ಆಕಿ ಹರಿಹರದ ಬೀಗತಿಗೆ ಕಲಿಸ್ಯಾಳೆ.
ಆ ಬೀಗತಿಗೆ ಫೋನೇ ಇಲ್ಲ ನೋಡ್ರಿ.

ಪುಟಕ್ಕೆ ಎಷ್ಟು ಸಲ ಭೇಟಿ ಕೊಟ್ಟಿರಿ?
ಒಂದೇ ಸಲ.
ಮತ್ತೆ ಯಾಕೆ ಹೋಗಲಿಲ್ಲ?
ಕಲ್ತ ಮ್ಯಾಲೆ ಮತ್ತ್ಯಾಕೆ?

ನಮ್ಮ ಕಚೇರಿಯಲ್ಲಿ ಇಂಥವರಿಗೆ
'ಹಿಂದಿರುಗದ ಬಳಕೆದಾರರು' ಎಂದು ಹೆಸರು.
ಗೋಡೆಯ ನಕ್ಷೆಯಲ್ಲಿ ಅವರದು ಕೆಂಪು ಕಂಬ.
ಕಂಬ ಬೆಳೆದಷ್ಟೂ ಸಭೆ ಉದ್ದ.

ಬೇಡವೆಂದರೂ ಸೇರು ತುಂಬಾ ಬಿಸಿ ಮಂಡಕ್ಕಿ
ನನ್ನ ಚೀಲಕ್ಕೆ ಸುರಿದಳು, ಮೇಲೊಂದು ಹಿಡಿ.

ಪಿ.ಜೆ. ಬಡಾವಣೆ, ಮೂರನೇ ಮಹಡಿ, ಲಿಫ್ಟು ಕೆಟ್ಟಿತ್ತು.
ಎರಡನೆಯದರ ತಿರುವಿನಲ್ಲಿ ಕಂಬಿ ಹಿಡಿದು ನಿಂತೆ.
ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು
ತುಟಿ ಚೂಪಾಗಿಸಿದೆ.

ಮೇಲೆ, ಹಾಳೆ ಎಣಿಸುತ್ತಿದ್ದ ಸಾಹೇಬರು
ತಲೆಯೆತ್ತಿ ಕೇಳಿದರು:
ಏನಮ್ಮಾ, ಏನೋ ಸುಟ್ಟ ವಾಸನೆ?