ಬಾಗಿಲದ ಹಿಡಿಕಿ

ಎಂಟು ತಾಸು ಗಾಜಿನ ಪೆಟಿಗ್ಯಾಗ ಕುಂತು
ಚಿಗರಿ ಬಸ್ಸಿನ ಟಿಕೀಟು ಕೊಡ್ತೇನಿ ನಾ,
ಉಣಕಲ್ ಸ್ಟೇಷನ್ನಿನಾಗ.
ಕೈಗೆ ಕೆಲಸ ಐತಿ,
ಬಾಯಿಗೆ "ಚಿಲ್ಲರ ಕೊಡ್ರಿ" ಐತಿ,
ಕಾಲಿಗೆ ಮಾತ್ರ ಏನೂ ಇಲ್ಲ.
ಟೇಬಲ್ಲಿನ ಬುಡಕ ಅವೆರಡೂ
ಗ್ವಾದಲಿಗೆ ಕಟ್ಟಿದ ಕರುಗಳು.

ಒಂದಿನ ರಾತ್ರಿ ಮೊಬೈಲಿನಾಗ ನೋಡಿದೆ.
ಕಪ್ಪು-ಬಿಳುಪು ಚಿತ್ರ, ಒಬ್ಬಾಕಿ, ಒಬ್ಬಾವ.
ತುತ್ತೂರಿ ಊದಿದ್ದೇ ತಡ
ಅಂವ ಅಕಿನ್ನ ಬೀಸಿ ಒಗದ,
ಅಕಿ ನಕ್ಕೋತ ತಿರುಗಿ ಬಂದ್ಲು
ಚಾಟಿ ಬಿಟ್ಟ ಬುಗರಿ ಅಂಗೈಗೆ ಬಂದಂಗ.
ಸ್ವಿಂಗ್ ಅಂತಾರಂತ ಅದಕ್ಕ.
ಮರುದಿನ ಒಬ್ಬ ಮುದುಕಗ
ಐದರ ಬದಲಿ ಐವತ್ತು ತಿರುಗಿ ಕೊಟ್ಟೆ.
ಪುಣ್ಯಾತ್ಮ, ನವನಗರದಿಂದ ಹೊಳ್ಳಿ ಬಂದು ಕೊಟ್ಟು ಹೋದ.

ಹುಡುಕಿದೆ.
ವಿದ್ಯಾನಗರದ ಕ್ಲಾಸಿನಾಗ ಜೆಲ್ ಹಚ್ಚಿದ ಹುಡುಗ ಅಂದ:
"ಆಂಟಿ, ತೂಕ ಇಳಸಾಕ ಜುಂಬಾ ಐತ್ರಿ, ಮುಂಜಾನೆ ಆರಕ್ಕ."
ಮಾಳಮಡ್ಡಿಯಾಗ ಗೆಜ್ಜಿ ಸಪ್ಪಳ ಕೇಳಿ ಒಳಗ ಹೊಕ್ಕೆ.
ಗುರುಗಳು ನನ್ನ ವಯಸ್ಸು ಕೇಳಿ
ಬಾಳೊತ್ತು ಚಸ್ಮಾ ಒರಸಿದರು.
ದುರ್ಗದಬೈಲಿನಾಗ ಬ್ಯಾಂಡಿನವನ ಹಂತ್ಯಾಕ ಹೋದೆ,
ತುತ್ತೂರಿ ಅರೆ ಇತ್ತಲ್ಲ ಅಂವನ ಕೈಯಾಗ.
"ಲಗ್ನ ಯಾವಾಗ್ರಿ?" ಅಂದ.

ಕಡೀಕ ಹೇಳಿದಂವ ಅಂವನ,
ತುತ್ತೂರಿ ಬೋರಲು ಮಾಡಿ ಉಗುಳು ಝಾಡಸ್ಕೋತ:
"ಕೇಶ್ವಾಪುರದಾಗ ಒಬ್ಬಾಕಿ ಮುದುಕಿ ಅದಾಳ್ರಿ.
ನಮ್ಮಜ್ಜ ಅಕಿ ಕುಣಿತಕ್ಕ ಊದತಿದ್ದ."

ಎರ್ಮೀನ್ ಬಾಯಿ. ಎಂಬತ್ತೊಂದು.
ಗಂಡ ಉಗಿಬಂಡಿಗೆ ಕಲ್ಲಿದ್ದಲಿ ಹಾಕತಿದ್ದನಂತ.
"ಹಾಲ್ ಇತ್ತು ಮಗಳ, ಸಾಗವಾನಿ ಹಲಗಿ ನೆಲ,
ಶನಿವಾರಕ್ಕೊಮ್ಮೆ ಮೇಣ ತಿಕ್ಕತಿದ್ವಿ.
ಈಗ ಅದಕ್ಕ ಕೀಲಿ.
ಒಳಗ ಹಳೇ ಫೈಲು, ಪಾರಿವಾಳ."
ಆಮ್ಯಾಲೆ, "ಜೋಡಿ ಯಾರು?"
ಯಾರೂ ಇಲ್ಲ ಅಂದೆ.
"ಬಾಗಿಲಾ ಐತಲ್ಲ."

ಹಿಡಿಕಿಗೆ ಟವೆಲ್ ಕಟ್ಟಿಸಿದ್ಲು.
ಜಗ್ಗಬ್ಯಾಡ. ಸಡ್ಲ ಬಿಡಲೂಬ್ಯಾಡ.
ಆ ತುದಿಗೆ ಒಬ್ಬಾವ ಅದಾನ ಅಂತ ತಿಳಿ.
ನಿನ್ನ ಭಾರ ಅಂವಗ ಗೊತ್ತಾಗಬೇಕು,
ಹೊರಿ ಆಗಬಾರದು.

ಹನ್ನೊಂದು ವರ್ಷ ಸಂಸಾರ ಮಾಡಿ ಬಿಟ್ಟು ಬಂದಾಕಿ ನಾ.
ಇದನ್ನ ಅಲ್ಲೆ ಯಾರೂ ಹೇಳಿದ್ದಿಲ್ಲ.

ಮೊಣಕಾಲು ಮೆತ್ತಗ! ಒಂದು, ಎರಡು,
ಹಿಂದಕ ಊರು, ಮುಂದಕ ಬಾ!
ಕುರ್ಚಿ ಮ್ಯಾಲೆ ಕುಂತು ಕೋಲು ಬಡದ್ಲು.
ಮೂರು ತಿಂಗಳು ಬಾಗಿಲದ ಜೋಡಿ ಕುಣದೆ.
ಎಣ್ಣಿ ಕಾಣದ ಬಿಜಾಗರಿ
ತನಗ ತಿಳದ ಒಂದ ರಾಗ ತಗೀತಿತ್ತು.

ಸ್ಟೇಷನ್ನಿನ ಗಾರ್ಡ್ ಮಕ್ತುಂಸಾಬ
ಟೇಬಲ್ಲಿನ ಬುಡಕ ನೋಡಿದ್ದ ಕಾಣಸ್ತದ.
"ಬಾಯಾರ, ನಿಮ್ಮ ಕಾಲು ಯಾಕ ಹಂಗ ಮಾಡ್ತಾವ?"
ಕಡೇ ಬಸ್ಸು ಹೋದಮ್ಯಾಲೆ ತೋರಿಸಿದೆ.
ಅಂವ ಸೀಟಿ ಕಿಸೆಕ್ಕ ಇಟ್ಟ.
"ಇದು ನಮ್ಮ ಅಲಾಯಿ ಹೆಜ್ಜಿನ ಅಲ್ಲೇನ್ರಿ?"
ಬೂಟಿನ ಕಾಲಿಲೆ ನಾಕು ಹೆಜ್ಜಿ ಹಾಕಿದ,
ಖಾಲಿ ಪ್ಲಾಟ್‌ಫಾರ್ಮಿನಾಗ,
ತಾನಾಗೇ ತೆರಕೊಳ್ಳೋ ಗಾಜಿನ ಬಾಗಿಲಾ
ಯಾರಿಗೋ ಅಂತ ತೆರದು ಮುಚ್ಚಿತು.

ಐತವಾರ ಕರಕೊಂಡು ಹೋದೆ.
ಎರ್ಮೀನ್ ಬಾಯಿ ನೋಡಿ ಕೋಲು ಕುಟ್ಟಿದ್ಲು:
"ಅಲ್ಲ. ಅಲ್ಲವೇ ಅಲ್ಲ. ಇದು ಬ್ಯಾರೆ, ಅದು ಬ್ಯಾರೆ."
ಆಮ್ಯಾಲೆ ಬಗ್ಗಿ ನೋಡಿದ್ಲು ಇನ್ನೊಮ್ಮೆ.
"ಮೊಣಕಾಲು ಚೊಲೊ ಅದಾವು ಆದ್ರ."

ಕೈ ಹಿಡಿಯಾಕ ಇಬ್ಬರಿಗೂ ಆಗಲಿಲ್ಲ.
ಅಂವ ಗ್ವಾಡಿ ನೋಡಿದ, ನಾ ನೆಲಾ.
ಹಿಡಿಕಿಯಿಂದ ಟವೆಲ್ ಬಿಚ್ಚಿ
ಅಂವಗ ಒಂದು ತುದಿ ಕೊಟ್ಟೆ.

ಹಿಂದಕ ಊರಿದೆ.
ಆ ಕಡಿಂದ ಏನೋ ಬಂತು,
ಬಾಗಿಲಾ ಎಂದೂ ಕೊಡದಂಥಾದ್ದು.
ಒಂದು ಕ್ಷಣ ತಡದು ಬಂತು, ತಪ್ಪಿ ಬಂತು,
ನನ್ನ ಕಾಲು ತುಳಕೊಂಡ ಬಂತು.

ಹೊರಗ ಗೂಡ್ಸ್ ಗಾಡಿ ಹಾಯತಿತ್ತು.
ಎರ್ಮೀನ್ ಬಾಯಿ ಎಣಸೂದು ಬಿಟ್ಟು
ಸುಮ್ಮ ಕುಂತಿದ್ಲು, ಕೋಲು ತೊಡಿ ಮ್ಯಾಲೆ.
ಆಮ್ಯಾಲೆ ಅಂದ್ಲು,
"ಟವೆಲ್ ನಂದು.
ಹೋಗೂವಾಗ ಇಟ್ಟು ಹೋಗ್ರಿ."