ಒಂದು ಗೇಣು ತಂತಿ

ಬಾಯಿ ತೆರೆಯಿರಿ ಎಂದೆ.
ಹಲ್ಲಿನ ಡಾಕ್ಟರ ಅಂಗಡಿಯಲ್ಲ ಇದು,
ನರಾನ್‌ತೂಲ್ ಸಂತೆಯ ಹಿಂಬದಿಯಲ್ಲೊಂದು ಕಬ್ಬಿಣದ ಡಬ್ಬ:
ಒಂದು ಬಲ್ಬು, ಒಂದು ಬೆಸುಗೆ ಕಡ್ಡಿ,
ಹೊರಗೆ ಸೊನ್ನೆಗಿಂತ ಮೂವತ್ತೆಂಟು ಕೆಳಗೆ.
ದುಲ್ಮಾ ಟೀಚರು ಕೀಲಿಯನ್ನು ಗದ್ದಕ್ಕೊತ್ತಿ
ಬಾಯಿ ತೆರೆದು ಗುಂಡಿ ಅದುಮಿದರು.
ಸಾಲಿನಾಚೆ, ಕುದುರೆ ಜೀನು ಮಾರುವವರ ಮಗ್ಗುಲಲ್ಲಿ
ಅವರ ಬಿಳಿ ಕಾರು ಕಣ್ಣು ಮಿಟುಕಿಸಿತು.

'ಇದೇನು ಮಾಟ?'
ಮಾಟವಲ್ಲ, ತಲೆಯೊಳಗೆ ನೀರಿದೆಯಲ್ಲ,
ಅದು ಅಲೆಯನ್ನು ಹಿಡಿದು ಹಿಗ್ಗಿಸುತ್ತದೆ.
'ಮೂವತ್ತು ವರ್ಷ ಭೂಗೋಳ ಕಲಿಸಿದ ತಲೆ,
ಒಳಗಿರುವುದು ಬರೀ ನೀರೋ?'
ಉಪ್ಪುನೀರು ಎಂದೆ. ನಕ್ಕರು.
ನಗುತ್ತಲೇ ಇನ್ನೊಮ್ಮೆ ಅದುಮಿ ನೋಡಿದರು.

ಆದರೆ ಅವರಿಗೆ ಬೇಕಿದ್ದದ್ದು ಒಂಬತ್ತನೆಯ ಮಹಡಿಯಿಂದ.
ಕಿಟಕಿಗೆ ಎರಡು ಪದರ ಗಾಜು,
ಕೆಳಗೆ ನಲವತ್ತು ಕಾರು, ಮುಕ್ಕಾಲು ಪಾಲು ಬಿಳಿಯವೇ,
ನಡುವೆ ಕಲ್ಲಿದ್ದಲ ಹೊಗೆ.
ಲಿಫ್ಟು ಹನ್ನೊಂದಕ್ಕೆ ಮಲಗುತ್ತದಂತೆ,
ಮಂಡಿ ಅದಕ್ಕೂ ಮೊದಲೇ.

ಮೊದಲು ಬ್ಯಾಟರಿಯ ಬಿಲ್ಲೆ ಬದಲಿಸಿದೆ.
ಚಳಿಗೆ ಇದರ ಜೀವ ಕುಗ್ಗುತ್ತದೆ ಟೀಚರ್,
ಚೀಲದಲ್ಲಿಡಬೇಡಿ, ಕೋಟಿನೊಳಗೆ
ಕಂಕುಳ ಸಂದಿಯಲ್ಲಿಡಿ, ಆಗತಾನೇ ಹುಟ್ಟಿದ ಕುರಿಮರಿಯ ಹಾಗೆ.
ಕೇಳಿಸದಷ್ಟು ದೂರದಿಂದ ಸುಮ್ಮಸುಮ್ಮನೆ ಒತ್ತಬೇಡಿ.
ಇದು ಆಡಿದ ಮಾತನ್ನು ಮತ್ತೆ ಆಡುವುದಿಲ್ಲ,
ಪ್ರತಿ ಸಲಕ್ಕೂ ಹೊಸ ಗುಟ್ಟು. ಕಾರು ಎಣಿಸುತ್ತಿರುತ್ತದೆ.
ತಾನು ಕೇಳದ ಮಾತು ತೀರ ಹೆಚ್ಚಾದರೆ
ಒಂದು ದಿನ ಕೀಲಿ ಎದುರು ನಿಂತರೂ
ಯಾರು ನೀನು ಎನ್ನುತ್ತದೆ.

ಆಮೇಲೆ ಚಿಪ್ಪು ಬಿಚ್ಚಿ ತಂತಿ ಬೆಸೆದೆ.
ಜಪಾನಿನಿಂದ ಬಂದ ಕೀಲಿ; ಅದರ ಅಲೆಯ ಕಾಲುಭಾಗ
ಹೆಚ್ಚುಕಡಿಮೆ ಒಂದು ಗೇಣು.
ಅಳೆಯುವ ಪಟ್ಟಿ ನನಗೆ ಬೇಡ.
ಗಡಿಯ ಹವಾಮಾನ ಠಾಣೆಯಲ್ಲಿ ರೇಡಿಯೋ ತಿರುವುತ್ತಿದ್ದಾಗ
ಕಿರುಬೆರಳ ತುದಿಯನ್ನು ಹಿಮ ಕಚ್ಚಿಕೊಂಡು ಹೋಯಿತು;
ಅಂದಿನಿಂದ ನನ್ನ ಗೇಣಿಗೆ
ಎರಡು ಬಾರ್ಲಿ ಕಾಳು ಸೇರಿಸುತ್ತೇನೆ.

ದನಿ ತಗ್ಗಿಸಿ ಇನ್ನೊಂದು ಕೇಳಿದರು:
ಯಾರೂ ಬಾಗಿಲು ಮುಟ್ಟದಿದ್ದರೆ ಅರೆ ನಿಮಿಷಕ್ಕೆ
ತಾನೇ ಬೀಗ ಹಾಕಿಕೊಳ್ಳುತ್ತದಲ್ಲ,
ಆ ಅಭ್ಯಾಸ ಬಿಡಿಸಬಹುದೇ?
ಬಿಡಿಸಿದೆ. ಯಾಕೆ ಅನ್ನಲಿಲ್ಲ.
ಯಾಕೆ ಅನ್ನುವ ಅಂಗಡಿಗೆ ಗಿರಾಕಿ ಕಡಿಮೆ.

ಹತ್ತು ದಿನ ಕಳೆದು ಯಾದಮ್‌ಸುರೆನ್ ಬಂದ,
ಅದೇ ಕಟ್ಟಡದ ಅಂಗಳ ಕಾಯುವವನು.
ಕೆನ್ನೆಯ ಮೇಲೆ ನಾಣ್ಯದಗಲ ಬಿಳಿ ಕಲೆ.
'ನಮ್ಮಲ್ಲೊಂದು ಕಾರಿಗೆ ದೆವ್ವ ಮೆಟ್ಟಿದೆ.
ನಡುರಾತ್ರಿ ತಾನಾಗಿ ಬೀಗ ಬಿಚ್ಚಿಕೊಳ್ಳುತ್ತದೆ,
ಬೆಳಗಿನ ಐದಕ್ಕೆ ಹಾಕಿಕೊಳ್ಳುತ್ತದೆ.
ಸೀಟಿನ ಮೇಲೆ ಕುರಿತುಪ್ಪಟದ ಕೋಟು ಮಡಿಸಿಟ್ಟಿದೆ,
ಪಕ್ಕಕ್ಕೆ ಥರ್ಮಾಸು, ಅದೂ ದಿನಾ ತುಂಬಿದ್ದು.
ಯಾರಾದರೂ ಹೊಡೆದುಕೊಂಡು ಹೋದರೆ
ನನ್ನ ತಲೆಗೇ ಬರುತ್ತದೆ.
ಹೇಗೂ ನನ್ನ ಗೂಡಿನ ಒಲೆ ಕೊಳವೆ ಬಿರಿದು ಮೂರು ವಾರವಾಯಿತು,
ಒಳಗೆ ಕೂತರೂ ಅದೇ, ಹೊರಗೂ ಅದೇ.
ಐದು ಗಂಟೆ ಹೊತ್ತು ಆ ಬಾಗಿಲಿಗೆ
ಬೆನ್ನು ಕೊಟ್ಟು ನಿಂತಿರುತ್ತೇನೆ.'

ನನ್ನ ಬೆಸುಗೆ ಚೆನ್ನಾಗಿಯೇ ಇತ್ತು.
ಎರಡು ಗಾಜು, ಹೊಗೆ, ಒಂಬತ್ತು ಮಹಡಿ ದಾಟಿ
ಕೀಲಿಯ ಮಾತು ಕಾರಿಗೆ ತಲುಪಿದೆ.
ಕಾರಿನಿಂದ ಅವನ ಬೆನ್ನಿಗೆ
ಇನ್ನೊಂದು ಗೇಣು.

'ರಿಪೇರಿ ಆಗುತ್ತದಾ?' ಎಂದ,
ಕೈಗವಸು ಕಳಚದೆಯೇ ಜೇಬು ತಡಕುತ್ತ.
ಕಡ್ಡಿಯ ಸ್ವಿಚ್ಚು ಆರಿಸಿದೆ.
ಟೀಚರ ಗುಟ್ಟು ಟೀಚರದ್ದು, ನನಗೆ ಗೊತ್ತು.
ಆದರೂ ಬಾಯಿ ತೆರೆದೆ.
ಬಲ್ಬಿನ ಕೆಳಗೆ ಉಸಿರು ಬೆಳ್ಳಗೆ ಹೊರಟಿತು,
ಮಾತು ಅದರ ಹಿಂದೆ.